ಬಣ್ಣ ಒಂದೇ, ಅಂಟು ಬೇರೆ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ ಇದೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳುಗಳ ಸಂದಿಯಲ್ಲಿ ಕೆಂಪಗೆ ಸೋಸಿ ಬರುವ ಬೆಳಕು. ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ಅದನ್ನು ರವಿವರ್ಮನ ಆಯಿಲ್ ಪೇಂಟಿಂಗ್ ಅಂದುಕೊಂಡೇ ಮನೆಗೆ ಬರುವವರು ತುಂಬಾ ಜನ. ಎರಡೂ ತಪ್ಪು. ಬರೆದವರು ಎಸ್.ಎಲ್. ಹಲ್ದಣ್‌ಕರ್, 1945-46ರಲ್ಲಿ. ಬಳಸಿದ್ದು ವಾಟರ್ ಕಲರ್, ಅದೂ ಕಾಗದದ ಮೇಲೆ. ಅದೇ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳೂ ಇರುವುದರಿಂದ ಗೊಂದಲ ಆಗುವುದು ಸಹಜ.

ನೋಡುವವರಿಗೇ ಗೊತ್ತಾಗದಷ್ಟು ಹತ್ತಿರ ಬರಬಹುದಾದರೆ, ಅಂಗಡಿಯಲ್ಲಿ ವಾಟರ್ ಕಲರ್, ಪೋಸ್ಟರ್ ಕಲರ್, ಅಕ್ರಿಲಿಕ್, ಆಯಿಲ್ ಅಂತ ಬೇರೆ ಬೇರೆ ಸಾಲಿನಲ್ಲಿ ಇಟ್ಟಿರುವುದು ಯಾಕೆ? ಅವುಗಳಲ್ಲಿ ನಿಜಕ್ಕೂ ಬೇರೆ ಇರುವುದು ಏನು?

ಅಲ್ಟ್ರಾಮರೀನ್ ನೀಲಿಯನ್ನೇ ತೆಗೆದುಕೊಳ್ಳಿ. ಒಳ್ಳೆಯ ಕಂಪನಿಯ ವಾಟರ್ ಕಲರ್ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಪಿಬಿ 29 ಎಂದು ಬರೆದಿರುತ್ತದೆ. ಪಿಗ್ಮೆಂಟ್ ಬ್ಲೂ 29, ಅಂದರೆ ಒಳಗಿರುವ ಬಣ್ಣದ ಪುಡಿಯ ಸಂಖ್ಯೆ. ಅಕ್ರಿಲಿಕ್ ಟ್ಯೂಬಿನ ಹಿಂದೆಯೂ ಪಿಬಿ 29. ಆಯಿಲ್ ಟ್ಯೂಬಿನ ಹಿಂದೆಯೂ ಅದೇ. ಮೂರರಲ್ಲೂ ಇರುವುದು ಒಂದೇ ನೀಲಿ ಪುಡಿ. ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಗಣಿಯ ಕಲ್ಲನ್ನು ಅರೆದು ತೆಗೆಯುತ್ತಿದ್ದ ಈ ಬಣ್ಣವನ್ನು 1820ರ ದಶಕದಲ್ಲಿ ಯುರೋಪಿನಲ್ಲಿ ಕೃತಕವಾಗಿ ಮಾಡುವುದನ್ನು ಕಲಿತರು. ಆಮೇಲೆ ಅದು ಎಷ್ಟು ಅಗ್ಗವಾಯಿತು ಅಂದರೆ, ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯಾಗಿ ನಮ್ಮ ಬಚ್ಚಲಿಗೂ ಬಂತು. ಗೋಡೆಗೆ ಸುಣ್ಣ ಹೊಡೆಯುವಾಗ ಸುಮ್ನೆ ಒಂದು ಚಿಟಿಕೆ ನೀಲಿ ಹಾಕುತ್ತಿದ್ದರಲ್ಲ, ಬಹುತೇಕ ಅದೇ ಇದು.

ಪುಡಿಯೊಂದನ್ನೇ ಕಾಗದಕ್ಕೆ ಉಜ್ಜಿದರೆ ಅದು ಅಲ್ಲಿ ನಿಲ್ಲುವುದಿಲ್ಲ. ರಂಗೋಲಿ ಪುಡಿಯಲ್ಲಿ ಅಂಟು ಇಲ್ಲ, ಹಾಗಾಗಿ ಸಂಜೆಯ ಹೊತ್ತಿಗೆ ಅರ್ಧ ರಂಗೋಲಿ ಗಾಳಿಯ ಪಾಲು. ಚಿತ್ರ ನಿಲ್ಲಬೇಕು ಅಂದರೆ ಪುಡಿಯನ್ನು ಹಿಡಿದು ಕೂರಿಸುವ ಒಂದು ಅಂಟು ಬೇಕು. ವಾಟರ್ ಕಲರಿನಲ್ಲಿ ಅದು ಮರದ ಗೋಂದು. ಆಯಿಲಿನಲ್ಲಿ ಎಣ್ಣೆ. ಅಕ್ರಿಲಿಕ್ಕಿನಲ್ಲಿ ಪ್ಲಾಸ್ಟಿಕ್. ಬಣ್ಣದ ಸ್ವಭಾವ ಬಹುಮಟ್ಟಿಗೆ ನಿರ್ಧಾರವಾಗುವುದು ಈ ಅಂಟು ಹೇಗೆ ಒಣಗುತ್ತದೆ ಎಂಬುದರ ಮೇಲೆ. ಎಷ್ಟು ಹೊತ್ತು ತಿದ್ದಬಹುದು, ಒಂದರ ಮೇಲೆ ಇನ್ನೊಂದು ಪದರ ಹಾಕಬಹುದೋ ಇಲ್ಲವೋ, ಬ್ರಶ್ ಯಾವುದರಲ್ಲಿ ತೊಳೆಯಬೇಕು, ಐವತ್ತು ವರ್ಷದ ಮೇಲೆ ಚಿತ್ರ ಹೇಗಿರುತ್ತದೆ, ಎಲ್ಲವೂ.

ನಮ್ಮ ಕಡೆಯ ಹಳೆಯ ಚಿತ್ರಗಳಲ್ಲೂ ಇದೇ ಲೆಕ್ಕ. ಸಾಗರದ ಸುತ್ತಮುತ್ತ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಕೆಮ್ಮಣ್ಣು. ಕುಂಚ ಪುಂಡಿ ನಾರಿನದು. ಅರೆದ ಅಕ್ಕಿಯ ಗಂಜಿಯೇ ಅಲ್ಲಿ ಅಂಟಿನ ಕೆಲಸವನ್ನೂ ಮಾಡುತ್ತದೆ. ಮೈಸೂರು ಶೈಲಿಯ ಚಿತ್ರದಲ್ಲಿ ಒಡವೆ, ಕಿರೀಟ ಸ್ವಲ್ಪ ಉಬ್ಬಿರುತ್ತವಲ್ಲ, ಅದು ಬಿಳಿ ಪುಡಿಯನ್ನು ಗೋಂದಿನಲ್ಲಿ ಕಲಸಿ ಎತ್ತರಿಸಿ, ಮೇಲೆ ಚಿನ್ನದ ರೇಕು ಅಂಟಿಸಿದ್ದು. ಉತ್ತರ ಕನ್ನಡದ ಕರಾವಳಿಯ ಕಾವಿ ಕಲೆಯಲ್ಲಿ ಅಂಟೇ ಬೇರೆ: ಕೆಂಪು ಮಣ್ಣಿನ ಬಣ್ಣವನ್ನು ಸುಣ್ಣದ ಗಾರೆ ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕುಡಿದು ಸುಣ್ಣ ಮತ್ತೆ ಕಲ್ಲಾಗುತ್ತದೆ, ಬಣ್ಣ ಅದರೊಳಗೆ ಸೇರಿಹೋಗುತ್ತದೆ.

ಈಗ ಅಂಗಡಿಯ ಬಣ್ಣಗಳಿಗೆ ಬರೋಣ. ಮೊದಲು ವಾಟರ್ ಕಲರ್, ಯಾಕೆಂದರೆ ಇದರ ಬಗ್ಗೆಯೇ ತಪ್ಪು ಕಲ್ಪನೆ ಜಾಸ್ತಿ.

ಜಾಲಿ ಜಾತಿಯ ಮರದಿಂದ ಬರುವ ಗೋಂದು ನೀರಿನಲ್ಲಿ ಕರಗುತ್ತದೆ. ನೀರು ಆರಿದಾಗ ಗಟ್ಟಿಯಾಗುತ್ತದೆ. ಮತ್ತೆ ನೀರು ಹಾಕಿದರೆ ಮತ್ತೆ ಕರಗುತ್ತದೆ. ವಾಟರ್ ಕಲರಿನ ಒಳ್ಳೆಯದು, ಕೆಟ್ಟದ್ದು ಎರಡೂ ಇಷ್ಟರಲ್ಲೇ ಇದೆ. ಡಬ್ಬಿಯಲ್ಲಿ ಒಣಗಿ ಬಿಲ್ಲೆಯಾದ ಬಣ್ಣವನ್ನು ವರ್ಷ ಬಿಟ್ಟು ಒದ್ದೆ ಬ್ರಶ್ಶಿನಿಂದ ಎಬ್ಬಿಸಬಹುದು. ಅದೇ ಕಾರಣಕ್ಕೆ ಒಣಗಿದ ಪದರದ ಮೇಲೆ ಇನ್ನೊಂದು ಪದರ ಹಾಕಲು ಹೋದರೆ ಕೆಳಗಿನದೂ ಎದ್ದು ಬರುತ್ತದೆ. ಮೂರು ಸಲ ಉಜ್ಜಿದರೆ ಕೆಸರು.

ಇನ್ನೊಂದು ಮುಖ್ಯ ವಿಷಯ, ವಾಟರ್ ಕಲರಿನಲ್ಲಿ ಬಿಳಿ ಎಂದರೆ ಕಾಗದವೇ. ಬಣ್ಣ ತೆಳುವಾಗಿ ಪಾರದರ್ಶಕವಾಗಿ ಕೂರುತ್ತದೆ. ಬೆಳಕು ಅದನ್ನು ದಾಟಿ, ಕಾಗದಕ್ಕೆ ತಾಗಿ, ವಾಪಸ್ ನಮ್ಮ ಕಣ್ಣಿಗೆ ಬರುತ್ತದೆ. ಹಾಗಾಗಿ ದೀಪ, ಮೋಡ, ನೀರಿನ ಮೇಲಿನ ಹೊಳಪು ಎಲ್ಲಿ ಬೇಕೋ ಅಲ್ಲಿ ಬಣ್ಣ ಹಚ್ಚದೆ ಬಿಡಬೇಕು. ಬಿಡುವುದನ್ನು ಮೊದಲೇ ಯೋಚಿಸಿರಬೇಕು. ಆಮೇಲೆ ಬಿಳಿ ಹಚ್ಚಿ ಸರಿಮಾಡೋಣ ಅಂದರೆ ಆ ಜಾಗ ಸತ್ತ ಹಾಗೆ ಕಾಣುತ್ತದೆ. ಬಣ್ಣದಿಂದ ಬಣ್ಣಕ್ಕೂ ವ್ಯತ್ಯಾಸ ಇದೆ. ಅಲ್ಟ್ರಾಮರೀನನ್ನು ಒದ್ದೆ ಬ್ರಶ್ಶಿನಿಂದ ಸಾಕಷ್ಟು ಎತ್ತಬಹುದು. ಥ್ಯಾಲೋ ನೀಲಿ, ಅಂದರೆ ಪಿಬಿ 15, ಕಾಗದದ ನಾರಿಗೆ ಕಚ್ಚಿಕೊಂಡರೆ ಬಿಡುವುದೇ ಇಲ್ಲ.

ಮತ್ತೆ ಮತ್ತೆ ಒದ್ದೆಯಾಗುವ ಈ ಗುಣವನ್ನೇ ಶಕ್ತಿಯಾಗಿ ಬಳಸಿಕೊಂಡವರೂ ಇದ್ದಾರೆ. ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅಬನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಬಂಗಾಳದ ಆ ಬಳಗದಲ್ಲಿ ವಾಷ್ ಎಂಬ ಪದ್ಧತಿ ಇತ್ತು. ತೆಳು ಬಣ್ಣ ಹಚ್ಚುವುದು, ಒಣಗಿದ ಮೇಲೆ ಹಾಳೆಯನ್ನೇ ನೀರಿಗೆ ಅದ್ದುವುದು, ಮತ್ತೆ ಹಚ್ಚುವುದು. ಸಡಿಲವಾಗಿದ್ದದ್ದು ತೊಳೆದುಹೋಗುತ್ತದೆ, ಕಚ್ಚಿಕೊಂಡದ್ದು ಉಳಿಯುತ್ತದೆ, ಚಿತ್ರಕ್ಕೆ ಮಂಜು ಕವಿದ ಹದ ಬರುತ್ತದೆ. ವೆಂಕಟಪ್ಪನವರು ಜಲವರ್ಣದಲ್ಲಿ ಬರೆದ ಊಟಿ, ಕೊಡೈಕೆನಾಲ್ ಚಿತ್ರಗಳು ಬೆಂಗಳೂರಿನಲ್ಲಿ ಅವರ ಹೆಸರಿನದೇ ಗ್ಯಾಲರಿಗೆ ಸೇರಿವೆ. ಬೆಟ್ಟದ ಮಂಜನ್ನು ಬರೆಯಲು ಇದಕ್ಕಿಂತ ಒಳ್ಳೆಯ ಮಾಧ್ಯಮ ಇದೆಯಾ ಅನ್ನಿಸುತ್ತದೆ.

ವಾಟರ್ ಕಲರಿಗೆ ಬಣ್ಣಕ್ಕಿಂತ ಕಾಗದ ಮುಖ್ಯ. ಸಾಮಾನ್ಯ ಡ್ರಾಯಿಂಗ್ ಹಾಳೆ ನೀರು ಬಿದ್ದ ಕೂಡಲೇ ಸೊಟ್ಟಗಾಗುತ್ತದೆ, ಎರಡನೇ ಸಲ ಬ್ರಶ್ ಆಡಿಸಿದರೆ ಹೊಟ್ಟು ಏಳುತ್ತದೆ. ಹತ್ತಿಯ ನಾರಿನ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದ ಮೇಲೆ ಅಗ್ಗದ ಬಣ್ಣವೂ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. ಕೈಯಲ್ಲಿರುವ ದುಡ್ಡು ಕಡಿಮೆ ಇದ್ದರೆ ಕಾಗದಕ್ಕೆ ಹಾಕಿ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ತೊಂದರೆ ಬೂಷ್ಟು. ಗೋಂದು, ಕಾಗದ ಎರಡೂ ಅದಕ್ಕೆ ಒಳ್ಳೆಯ ಊಟ. ಒದ್ದೆ ಡಬ್ಬಿಯ ಮುಚ್ಚಳ ಹಾಕಿ ಎತ್ತಿಡಬೇಡಿ.

ಇಷ್ಟೆಲ್ಲ ಮುಂದಾಲೋಚನೆ ಬೇಡುವ ಬಣ್ಣವನ್ನೇ ನಾವು ಸುಲಭ ಅಂತ ತಿಳಿದು ಆರು ವರ್ಷದ ಮಕ್ಕಳ ಕೈಗೆ ಕೊಡುತ್ತೇವೆ! ನನ್ನ ಮಟ್ಟಿಗೆ ಇದು ಪೂರ್ತಿ ತಿರುವುಮುರುವು. ತಪ್ಪನ್ನು ಮುಚ್ಚಲು ಬಿಡದ ಮಾಧ್ಯಮದಲ್ಲಿ ಶುರುಮಾಡಿದ ಮಗು 'ನನಗೆ ಚಿತ್ರ ಬರಲ್ಲ' ಎಂದು ಎದ್ದು ಹೋದರೆ ಅದರಲ್ಲಿ ಮಗುವಿನ ತಪ್ಪೇನಿದೆ?

ಆ ಜಾಗದಲ್ಲಿ ಇರಬೇಕಾದದ್ದು ಪೋಸ್ಟರ್ ಕಲರ್. ಸಣ್ಣ ಬಾಟಲಿಗಳಲ್ಲಿ ಬರುವ, ಸ್ಟೇಷನರಿ ಅಂಗಡಿಯಲ್ಲೂ ಸಿಗುವ ಈ ಬಣ್ಣಕ್ಕೆ ದೊಡ್ಡವರು ಬೆಲೆ ಕೊಡುವುದಿಲ್ಲ. ಅಂಟು ಹೆಚ್ಚುಕಡಿಮೆ ವಾಟರ್ ಕಲರಿನ ಜಾತಿಯದೇ, ನೀರಿನಲ್ಲಿ ಕರಗುವಂಥದ್ದು. ಆದರೆ ಪುಡಿ ಜಾಸ್ತಿ, ಜೊತೆಗೆ ಸೀಮೆಸುಣ್ಣದಂಥ ಬಿಳಿ ಪುಡಿಯೂ ಸೇರಿರುತ್ತದೆ. ಹಾಗಾಗಿ ಕೆಳಗಿನದನ್ನು ಮುಚ್ಚುತ್ತದೆ. ಕಡು ನೀಲಿಯ ಮೇಲೆ ಬಿಳಿ ನಕ್ಷತ್ರ ಇಡಬಹುದು. ತಪ್ಪಾದರೆ ಒಣಗಲು ಬಿಟ್ಟು ಮೇಲೆ ಹಚ್ಚಬಹುದು. ಇದೇ ಜಾತಿಯ, ಒಳ್ಳೆಯ ಪುಡಿ ಹಾಕಿ ಮಾಡಿದ ದುಬಾರಿ ಬಣ್ಣಕ್ಕೆ ಗ್ವಾಶ್ ಎನ್ನುತ್ತಾರೆ. ಎರಡರಲ್ಲೂ ಒಂದು ಕಿರಿಕಿರಿ ಇದೆ. ಒದ್ದೆ ಇದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಬದಲಾಗುತ್ತದೆ, ಕಡು ಬಣ್ಣ ಸ್ವಲ್ಪ ತಿಳಿಯಾಗುತ್ತದೆ, ತಿಳಿ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಪಕ್ಕದಲ್ಲಿ ಒಂದು ಚೂರು ಕಾಗದದ ಮೇಲೆ ಹಚ್ಚಿ, ಒಣಗಿಸಿ ನೋಡಿಯೇ ಮುಂದುವರಿಯಬೇಕು. ದಪ್ಪಗೆ ಹಚ್ಚಿ ಹಾಳೆ ಮಡಚಿದರೆ ಬಿರುಕು ಬಿಟ್ಟು ಉದುರುತ್ತದೆ.

ಬಣ್ಣ ಒಣಗಿದಾಗ ಯಾಕೆ ಬದಲಾಗುತ್ತದೆ ಎನ್ನುವುದಕ್ಕೆ ನಿಮ್ಮ ಅಡುಗೆ ಮನೆಯ ಕಡಪಾ ಕಲ್ಲನ್ನೇ ನೋಡಿ. ನೀರು ಬಿದ್ದ ಜಾಗ ಕಡು ಕಪ್ಪು, ಆರಿದ ಮೇಲೆ ಮಂಕು ಬೂದು. ಕಲ್ಲು ಬದಲಾಗಿಲ್ಲ. ಕಣಗಳ ಸುತ್ತ ನೀರಿದ್ದಾಗ ಬೆಳಕು ಮೇಲ್ಮೈಯಲ್ಲಿ ಚದುರದೆ ಒಳಗೆ ಇಳಿಯುತ್ತದೆ. ನೀರು ಹೋಗಿ ಗಾಳಿ ಬಂದಾಗ ಚದುರಿ ಬೆಳ್ಳಗೆ ಕಾಣುತ್ತದೆ. ಪೋಸ್ಟರ್ ಕಲರಿನಲ್ಲಿ ಗೋಂದು ಕಡಿಮೆ, ಒಣಗಿದ ಮೇಲೆ ಪುಡಿಯ ಕಣಗಳು ಗಾಳಿಗೆ ತೆರೆದುಕೊಂಡಿರುತ್ತವೆ. ಆಯಿಲಿನಲ್ಲಿ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ, ಕಣದ ಸುತ್ತ ಹಾಗೇ ಗಟ್ಟಿಯಾಗುತ್ತದೆ. ತೈಲಚಿತ್ರದ ಕಪ್ಪು, ಕಂದುಗಳಿಗೆ ಆ ಆಳ ಬರುವುದು ಹೀಗೆ. ಒಂದೇ ಪಿಬಿ 29 ಒಂದು ಕಡೆ ಆಕಾಶದ ಹಾಗೆ, ಇನ್ನೊಂದು ಕಡೆ ರಾತ್ರಿಯ ಹಾಗೆ ಕಾಣುವುದೂ ಇದರಿಂದಲೇ.

ಅಕ್ರಿಲಿಕ್ ಈ ಮನೆಯ ಹೊಸ ಸೊಸೆ. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಕಲಾವಿದರಿಗೆ ಸಿಕ್ಕಿದ್ದು 1950ರ ದಶಕದಲ್ಲಿ, ಅಮೆರಿಕದಲ್ಲಿ. ಟ್ಯೂಬಿನೊಳಗೆ ಪ್ಲಾಸ್ಟಿಕ್ಕಿನ ಅತಿ ಸಣ್ಣ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ, ಹಾಲಿನಲ್ಲಿ ಕೊಬ್ಬು ಇರುತ್ತದಲ್ಲ, ಆ ರೀತಿ. ನೀರು ಆರುತ್ತಾ ಬಂದಂತೆ ಹನಿಗಳು ಒತ್ತೊತ್ತಾಗಿ ಬಂದು ಒಂದಕ್ಕೊಂದು ಬೆಸೆದುಕೊಂಡು ಒಂದೇ ಹಾಳೆಯಾಗುತ್ತವೆ. ಒಮ್ಮೆ ಹೀಗಾದ ಮೇಲೆ ನೀರು ಹಾಕಿದರೂ ವಾಪಸ್ ಬಿಡಿ ಹನಿಯಾಗುವುದಿಲ್ಲ. ಅದಕ್ಕೇ ಅಕ್ರಿಲಿಕ್ ಮೇಲೆ ಅಕ್ರಿಲಿಕ್ ಎಷ್ಟು ಪದರ ಬೇಕಾದರೂ ಹಾಕಬಹುದು, ಕೆಳಗಿನದು ಕದಲುವುದಿಲ್ಲ. ಅದಕ್ಕೇ ತೊಳೆಯಲು ಮರೆತ ಬ್ರಶ್ ಬೆಳಗ್ಗೆ ಕಡ್ಡಿಯಾಗಿರುತ್ತದೆ. ಬಟ್ಟೆಗೆ ಬಿದ್ದರೆ ಒಣಗುವ ಮೊದಲೇ ತೊಳೆಯಬೇಕು. ಬಟ್ಟೆಯ ಮೇಲೆ ಬರೆಯುವ ಫ್ಯಾಬ್ರಿಕ್ ಬಣ್ಣಗಳೂ ಹೆಚ್ಚಾಗಿ ಇದೇ ಕುಲದವು.

ಕಾಗದ, ಕ್ಯಾನ್ವಾಸ್, ಮರ, ಮಣ್ಣಿನ ಕುಂಡ, ಗೋಡೆ, ಎಲ್ಲಕ್ಕೂ ಹಿಡಿಯುತ್ತದೆ. ವಾಸನೆ ಇಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಬರೆಯುವವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ದೊಡ್ಡ ತೊಂದರೆ ಅಂದರೆ, ಸಮಯ ಕೊಡುವುದಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಪ್ಯಾಲೆಟ್ ಮೇಲಿನ ಬಣ್ಣ ನೋಡನೋಡುತ್ತಲೇ ಕೆನೆಗಟ್ಟುತ್ತದೆ. ಮುಖದ ಚರ್ಮದಲ್ಲಿ ಬೆಳಕಿನಿಂದ ನೆರಳಿಗೆ ಮೆಲ್ಲಗೆ ಇಳಿಸಬೇಕು ಅಂದರೆ ಬಣ್ಣ ಅಷ್ಟು ಹೊತ್ತು ಕಾಯುವುದಿಲ್ಲ. ಪ್ಯಾಲೆಟ್ ಕೆಳಗೆ ಒದ್ದೆ ಬಟ್ಟೆ ಹಾಸುವುದು, ಆಗಾಗ ನೀರು ಸಿಂಪಡಿಸುವುದು, ಒಣಗುವುದನ್ನು ತಡ ಮಾಡುವ ರಿಟಾರ್ಡರ್ ಸ್ವಲ್ಪ ಬೆರೆಸುವುದು, ಇವೆಲ್ಲ ಚೂರು ಸಹಾಯ ಮಾಡುತ್ತವೆ. ತೀರಾ ಚಳಿಯೂ ಇದಕ್ಕೆ ಆಗದು. ಸುಮಾರು 10 ಡಿಗ್ರಿಗಿಂತ ಕೆಳಗೆ ಹೋದರೆ ಹನಿಗಳು ಸರಿಯಾಗಿ ಬೆಸೆಯುವುದಿಲ್ಲ. ನಮ್ಮಲ್ಲಿ ಇದು ದೊಡ್ಡ ಮಾತಲ್ಲ. ಅಮೆರಿಕದ ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಕೂತು ಬರೆಯುವ ಕನ್ನಡಿಗರಿಗೆ ಮಾತ್ರ ನೆನಪಿರಲಿ.

ಒಣಗಿದ ಮೇಲೆ ಅಕ್ರಿಲಿಕ್ ಸ್ವಲ್ಪ ಗಾಢವಾಗುತ್ತದೆ. ಒದ್ದೆ ಇರುವಾಗ ಅಂಟು ಹಾಲಿನ ಬಣ್ಣದಲ್ಲಿದ್ದು ಎಲ್ಲವನ್ನೂ ಬೆಳ್ಳಗೆ ತೋರಿಸುತ್ತದೆ, ಒಣಗಿ ಪಾರದರ್ಶಕವಾದಾಗ ನಿಜವಾದ ಬಣ್ಣ ಕಾಣುತ್ತದೆ. ಇನ್ನೊಂದು ಗುಣ ಬಿಸಿಲಿನ ಊರುಗಳಲ್ಲಿ ಕಾಟ ಕೊಡುತ್ತದೆ. ಈ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ. ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಒತ್ತಿಟ್ಟರೆ ಅಂಟಿಕೊಂಡು, ಬಿಡಿಸುವಾಗ ಒಂದರ ಬಣ್ಣ ಇನ್ನೊಂದಕ್ಕೆ ಕಿತ್ತು ಬರುತ್ತದೆ.

ಈಗ ಆಯಿಲ್. ಇಲ್ಲಿ ಒಣಗುವುದು ಎಂದರೆ ಏನೂ ಆವಿಯಾಗಿ ಹೋಗುವುದಲ್ಲ. ಎಣ್ಣೆ ಗಾಳಿಯಿಂದ ಆಮ್ಲಜನಕ ತೆಗೆದುಕೊಳ್ಳುತ್ತದೆ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಮೊದಮೊದಲು ಚಿತ್ರದ ತೂಕ ಚೂರು ಹೆಚ್ಚುತ್ತದೆ ಕೂಡ. ಎಲ್ಲ ಎಣ್ಣೆಗೂ ಇದು ಸಾಧ್ಯವಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಕಲಸಿದರೆ ಅದು ಎಂದೆಂದೂ ಒಣಗದು, ಕೊಂಡಿ ಹಾಕಿಕೊಳ್ಳಲು ಬೇಕಾದ ಜಾಗವೇ ಅದರ ಅಣುವಿನಲ್ಲಿ ಇಲ್ಲ. ಅಗಸೆ ಎಣ್ಣೆಯಲ್ಲಿ ಅಂಥ ಜಾಗ ಬೇಕಾದಷ್ಟು. ಹೌದು, ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಹಿಂಡಿ ಮಾಡಿ ತಿನ್ನುವ ಅದೇ ಅಗಸೆ. ಯುರೋಪಿನ ಚಿತ್ರಕಾರರು ಐನೂರಕ್ಕೂ ಹೆಚ್ಚು ವರ್ಷದಿಂದ ನಂಬಿಕೊಂಡು ಬಂದಿರುವುದು ಇದನ್ನೇ. ಅಗಸೆ ಎಣ್ಣೆ ಕಾಲಕ್ರಮೇಣ ಹಳದಿ ತಿರುಗುತ್ತದೆ, ಕತ್ತಲಲ್ಲಿಟ್ಟರೆ ಇನ್ನೂ ಬೇಗ. ಹಾಗಾಗಿ ಬಿಳಿ ಟ್ಯೂಬುಗಳಿಗೆ ಹಲವು ಕಂಪನಿಗಳು ಕುಸುಬೆ ಎಣ್ಣೆ ಬಳಸುತ್ತವೆ. ಅದೂ ನಮ್ಮ ಕಪ್ಪು ಮಣ್ಣಿನ ಹೊಲದ ಹಿಂಗಾರು ಬೆಳೆಯೇ ಅಲ್ವಾ!

ಹಾಗೆಂದು ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಎಣ್ಣೆ ತಂದು ಚಿತ್ರಕ್ಕೆ ಬೆರೆಸಬೇಡಿ. ಬೇಗ ಒಣಗಲಿ ಎಂದು ಅದರಲ್ಲಿ ಲೋಹದ ಲವಣ ಹಾಕಿರುತ್ತಾರೆ. ಬಾಗಿಲು, ಕಿಟಕಿಗೆ ಸರಿ. ಚಿತ್ರದಲ್ಲಿ ಬೇಗ ಕಂದಾಗುತ್ತದೆ.

ಆಯಿಲ್ ಕೊಡುವ ದೊಡ್ಡ ವರ ಸಮಯ. ಇವತ್ತು ಹಚ್ಚಿದ ಕೆನ್ನೆಯನ್ನು ನಾಳೆಯೂ ಮೃದುವಾಗಿ ತಿದ್ದಬಹುದು. ರೇಷ್ಮೆಯ ಮಡಿಕೆ, ಮುತ್ತಿನ ಹೊಳಪು, ಮೈಬಣ್ಣ, ರವಿವರ್ಮ ಇದರಲ್ಲಿ ಸಾಧಿಸಿದ್ದನ್ನು ನೋಡಿದರೆ ಆತ ಎಣ್ಣೆಯನ್ನೇ ಯಾಕೆ ಹಿಡಿದ ಎಂದು ಗೊತ್ತಾಗುತ್ತದೆ. ಬದಲಿಗೆ ಕಾಯಬೇಕು. ಮುಟ್ಟಿದರೆ ಕೈಗೆ ಹತ್ತದಷ್ಟು ಒಣಗಲು ಕೆಲವು ದಿನದಿಂದ ಎರಡು ವಾರ. ವಾರ್ನಿಷ್ ಹಾಕಲು ಆರು ತಿಂಗಳಿಂದ ಒಂದು ವರ್ಷ. ಪದರ ಪದರವಾಗಿ ಬರೆಯುವುದಾದರೆ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಎಣ್ಣೆ ಜಾಸ್ತಿ ಇರಬೇಕು. ಮೇಲಿನದು ಮೊದಲು ಗಟ್ಟಿಯಾಗಿ ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಬಿರುಕು ಗ್ಯಾರಂಟಿ.

ಬಣ್ಣ ತೆಳು ಮಾಡಲು ಟರ್ಪೆಂಟೈನ್ ಬೇಕು, ಅದರ ಆವಿ ತಲೆನೋವು ತರುತ್ತದೆ. ಕಿಟಕಿ ತೆರೆದಿರಲಿ. ಎಣ್ಣೆ ಒರೆಸಿದ ಬಟ್ಟೆಯ ವಿಷಯ ಇನ್ನೂ ಗಂಭೀರ. ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ. ಅಂಥ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆಸೆದರೆ ಆ ಬಿಸಿ ಒಳಗೇ ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ. ಕಾಗದದ ಮೇಲೆ ನೇರವಾಗಿ ಆಯಿಲ್ ಹಚ್ಚಿದರೆ ಎಣ್ಣೆ ಇಳಿದು ಕಾಗದ ಪುಡಿಪುಡಿಯಾಗುತ್ತದೆ. ಮೊದಲು ಜೆಸ್ಸೋ, ಅಂದರೆ ಎಣ್ಣೆ ಇಳಿಯದಂತೆ ತಡೆಯುವ ಬಿಳಿ ಅಸ್ತರಿನ ಬಣ್ಣ, ಬಳಿದಿರಬೇಕು.

ಯಾವುದರ ಮೇಲೆ ಯಾವುದು ಎಂಬ ಪ್ರಶ್ನೆಗೂ ಉತ್ತರ ಈಗ ತಾನಾಗಿ ಸಿಗುತ್ತದೆ. ಒಣಗಿದ ಅಕ್ರಿಲಿಕ್ ತೆಳು ಪದರದ ಮೇಲೆ ಆಯಿಲ್ ಹಾಕಬಹುದು. ಆಯಿಲ್ ಮೇಲೆ ಅಕ್ರಿಲಿಕ್ ಹಾಕಬಾರದು, ನೀರಿನ ಬಣ್ಣ ಎಣ್ಣೆಯ ಮೇಲೆ ಹಿಡಿಯದೆ ಮುಂದೊಂದು ದಿನ ಸಿಪ್ಪೆ ಏಳುತ್ತದೆ. ಅಂಗಡಿ ಬೋರ್ಡು, ಲಾರಿ ಹಿಂಭಾಗ ಬರೆಯುವವರು ಬಳಸುವ ಎನಾಮಲ್ ಕೂಡ ಎಣ್ಣೆಯ ಬಂಧುವೇ. ಮಳೆ ಬಿಸಿಲಿಗೆ ಗಟ್ಟಿ, ಹೊಳಪು ಜಾಸ್ತಿ, ಆದರೆ ಬಿಳಿ ಹಳದಿಗೆ ತಿರುಗುವುದೂ ಬೇಗ.

ಕೊಳ್ಳುವಾಗ ಟ್ಯೂಬಿನ ಮುಂದಿನ ಹೆಸರಿಗಿಂತ ಹಿಂದಿನ ಸಣ್ಣ ಅಕ್ಷರ ಓದಿ. ಕ್ಯಾಡ್ಮಿಯಂ ರೆಡ್ ಹ್ಯೂ ಎಂದಿದ್ದರೆ ಅದರಲ್ಲಿ ಕ್ಯಾಡ್ಮಿಯಂ ಇಲ್ಲ, ಅದೇ ರೀತಿ ಕಾಣುವ ಅಗ್ಗದ ಪುಡಿ ಇದೆ. ಮೋಸ ಏನಲ್ಲ, ಮಕ್ಕಳಿರುವ ಮನೆಗೆ ಅದೇ ವಾಸಿ. ನಿಜವಾದ ಕ್ಯಾಡ್ಮಿಯಂ ವಿಷಕಾರಿ, ಬ್ರಶ್ಶಿನ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದವರು ಇವತ್ತೇ ಬಿಡಿ. ಪಿಆರ್ 83 ಎಂದಿರುವ ಅಲಿಜರಿನ್ ಕ್ರಿಮ್ಸನ್ ನೋಡಲು ಚೆಂದ, ಬೆಳಕಿಗೆ ಮಾಸುತ್ತದೆ. ತೆಳುವಾಗಿ ಹಚ್ಚಿದ ವಾಟರ್ ಕಲರಿನಲ್ಲಂತೂ ಬೇಗ. ಅದರ ಜಾಗಕ್ಕೆ ಪಿವಿ 19 ಸಂಖ್ಯೆಯ ಕ್ವಿನಾಕ್ರಿಡೋನ್ ತನ್ನಿ. ಪುಡಿಯ ಸಂಖ್ಯೆಯನ್ನೇ ಬರೆಯದ ಬಣ್ಣ ಅಭ್ಯಾಸಕ್ಕೆ ಸಾಕು, ಮಾರುವ ಚಿತ್ರಕ್ಕೆ ಬೇಡ.

ಯಾವುದರಿಂದ ಶುರುಮಾಡಲಿ ಎಂದು ಕೇಳಿದರೆ ನನ್ನ ಉತ್ತರ ಹೀಗೆ. ಮಕ್ಕಳಿಗೆ, ದೊಡ್ಡವರಾದ ಮೇಲೆ ಮೊದಲ ಸಲ ಬ್ರಶ್ ಹಿಡಿಯುವವರಿಗೆ ಪೋಸ್ಟರ್ ಕಲರ್: ಎರಡು ನೀಲಿ, ಎರಡು ಕೆಂಪು, ಒಂದು ಹಳದಿ, ಒಂದು ಕಪ್ಪು, ಮತ್ತು ಬಿಳಿಯದು ದೊಡ್ಡ ಬಾಟಲಿ. ಬಿಳಿಯೇ ಮೊದಲು ಖಾಲಿಯಾಗುವುದು. ಗೋಡೆ, ಕ್ಯಾನ್ವಾಸ್ ಮೇಲೆ ಕೈ ಆಡಿಸುವ ಆಸೆ ಇದ್ದರೆ ಅಕ್ರಿಲಿಕ್. ತಾಳ್ಮೆ ಇದ್ದು, ಬಿಡುವುದನ್ನು ಕಲಿಯಲು ತಯಾರಿದ್ದರೆ ವಾಟರ್ ಕಲರ್. ಆಯಿಲ್ ತರುವ ಮೊದಲು ಮನೆಯಲ್ಲಿ ಗಾಳಿಯಾಡುವ ಒಂದು ಕೋಣೆ, ಮತ್ತು ಹಸಿ ಚಿತ್ರವನ್ನು ವಾರಗಟ್ಟಲೆ ಧೂಳು ಬೀಳದಂತೆ ಒರಗಿಸಿಡಲು ಯಾರೂ ಓಡಾಡದ ಒಂದು ಗೋಡೆ ಇದೆಯಾ ನೋಡಿಕೊಳ್ಳಿ.